ಎದುರಾಳಿಯ ಬದಿಯಲ್ಲಿ ಕುಳಿತು

ಚದುರಂಗವನ್ನು ನಾನು ಕಲಿತದ್ದು ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ, ಅಜ್ಜನಿಂದ. ಅವಕಾಶ ಸಿಕ್ಕಿದೊಡನೆ "ಶಹ!" ಎಂದು ಕೂಗುವುದು ನನ್ನ ಚಪಲ. ಅಜ್ಜ ನಗುತ್ತಿದ್ದರು: "ಶಹ ಅಂದ್ರ ರಾಜ ಸಾಯೂದಿಲ್ಲೋ ತಮ್ಮಾ. ಮುಂದಿನ ನಡಿ ಐತೇನು ನಿನ್ನ ಹಂತ್ಯಾಕ?" ಸೋತ ಮೇಲೆ ನನ್ನನ್ನೆಬ್ಬಿಸಿ ತಮ್ಮ ಜಾಗದಲ್ಲಿ ಕೂರಿಸುತ್ತಿದ್ದರು. ಅದೇ ಹಾಸು, ಅವೇ ಕಾಯಿಗಳು. ಆದರೆ ಆ ಬದಿಯಿಂದ ಕಂಡ ಯುದ್ಧವೇ ಬೇರೆ.

ಈ ಆಟ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವಿದೆ. ಆಗ ಸವದತ್ತಿಯ ಸೀಮೆಯನ್ನಾಳುತ್ತಿದ್ದ ರಟ್ಟರು ಆ ಚಾಲುಕ್ಯರ ಮಾಂಡಲಿಕರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸುವುದರಲ್ಲಿ ನಿಷ್ಣಾತರಾಗಿದ್ದರು.

ಒಳ್ಳೆಯ ಆಟಗಾರನ ಗುಟ್ಟೇನು? ಹಾಲೆಂಡಿನ ಮನಶ್ಶಾಸ್ತ್ರಜ್ಞ ಡಿ ಗ್ರೂಟ್ 1946ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದನ್ನೇ ಕೇಳಿದ. ಮಹಾ ಆಟಗಾರರು ಇತರರಿಗಿಂತ ಬಹಳ ದೂರ ಎಣಿಸುವುದಿಲ್ಲ. ಹಾಸನ್ನು ನೋಡಿದೊಡನೆ ಅರ್ಥವುಳ್ಳ ಚಿತ್ರವಾಗಿ ಗ್ರಹಿಸುತ್ತಾರೆ ಎಂಬುದು ಅವನಿಗೆ ದೊರೆತ ಉತ್ತರ. ಹಿಂದೆ ಕಂಡ ವಿನ್ಯಾಸಗಳು ಅವರ ನೆನಪಿನಲ್ಲಿ ಮನೆಮಾಡಿರುತ್ತವೆ. ಆದರೆ ಪರಿಚಿತ ವಿನ್ಯಾಸವೇ ಕೆಲವೊಮ್ಮೆ ಮೋಸಮಾಡುತ್ತದೆ. ಇದಕ್ಕೆ ನನಗೆ ತೋರುವ ನಿದರ್ಶನ ಕಿತ್ತೂರು.

1818ರಲ್ಲಿ ಪೇಶ್ವೆಯ ವಿರುದ್ಧ ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರು ಥಾಮಸ್ ಮನ್ರೋನಿಗೆ ನೆರವಾಗಿತ್ತು. ಪ್ರತಿಯಾಗಿ ಸಂಸ್ಥಾನ ಉಳಿದಿತ್ತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ತೋಪು ತಂದು ನಿಲ್ಲಿಸಿದ, ಅಂದೇ ಹತನಾದ. ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ರಾಣಿ ಚೆನ್ನಮ್ಮನ ಸೆರೆಯಾಳುಗಳಾದರು.

ಇನ್ನು ಅಜ್ಜ ಕಲಿಸಿದಂತೆ ಆಚೆಯ ಬದಿಗೆ ಹೋಗಿ ಕುಳಿತುಕೊಳ್ಳೋಣ. ಕಂಪನಿಗೆ ಒಂದು ಕಾಯಿ ಹೋಯಿತು, ಆಟ ಹೋಗಲಿಲ್ಲ. ಅದಕ್ಕೆ ಬೇಕಾದದ್ದು ಸಮಯ. ದೂರದ ಠಾಣ್ಯಗಳಿಂದ ಪಡೆ ಬರುವಷ್ಟು ಸಮಯ. ಮಾತುಕತೆ ಆ ಸಮಯವನ್ನು ಒದಗಿಸಿತು. ಈಚೆಯ ಬದಿಯಲ್ಲಿ ಚೆನ್ನಮ್ಮನ ಕೈಲಿದ್ದ ಶಹ ಎಂದರೆ ಆ ಇಬ್ಬರು ಸೆರೆಯಾಳುಗಳು. ಅವರನ್ನು ಕೊಲ್ಲುವುದು ಆಕೆಯ ಧರ್ಮಕ್ಕೆ ಒಗ್ಗದ ನಡೆ. ನಡೆಸಲಾಗದ ಬೆದರಿಕೆಗೆ ದಿನ ಕಳೆದಂತೆ ಬೆಲೆ ಇಳಿಯುತ್ತದೆ. 1818ರ ನೆನಪೂ ಇತ್ತು: ಆಂಗ್ಲರ ಮಾತಿಗೆ ಬೆಲೆಯುಂಟೆಂಬ ನೆನಪು. ಆಕೆ ಸೆರೆಯಾಳುಗಳನ್ನು ಬಿಟ್ಟಳು. ಮುತ್ತಿಗೆ ನಿಲ್ಲಲಿಲ್ಲ. ಸಬ್ ಕಲೆಕ್ಟರ್ ಮನ್ರೋ ಕೂಡ ಹೋರಾಟದಲ್ಲಿ ಮಡಿದನಾದರೂ ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದು 1829ರಲ್ಲಿ ಕಣ್ಮುಚ್ಚಿದಳು.

34 ವರ್ಷಗಳ ಅನಂತರ, ರಾಮದುರ್ಗದ ಬಳಿಯ ಸುರೇಬಾನದಲ್ಲಿ ಇದಕ್ಕೆ ವಿರುದ್ಧವಾದ ಆಟ ನಡೆಯಿತು. ಅಲ್ಲಿಯೂ ಬೇಗುದಿ ದತ್ತಕದ್ದೇ. 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ನನನ್ನು ಕೊಂದ. ರಾಮದುರ್ಗವನ್ನಾಳುತ್ತಿದ್ದ ಅವನ ಮಲಸಹೋದರ ಆಂಗ್ಲರ ಪಕ್ಷದಲ್ಲೇ ಉಳಿದ. ಶಹ ಕೊಟ್ಟದ್ದಾಯಿತು, ಮುಂದಿನ ನಡೆ ಇರಲಿಲ್ಲ. ಎರಡೇ ವಾರಗಳಲ್ಲಿ, ಜೂನ್ 12ರಂದು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಹಾಗಾದರೆ ಚೆನ್ನಮ್ಮನದು ತಪ್ಪು ನಡೆಯೆ? ಅನೇಕ ವರ್ಷ ತರಗತಿಯಲ್ಲಿ ನಾನು ಹಾಗೆಯೇ ಹೇಳಿದೆ. ಪಕ್ಕದಲ್ಲಿ ನಿಂತು ನೋಡುವವನಿಗೆ ಎಲ್ಲ ನಡೆಗಳೂ ಸುಲಭ. ಅನಂತರ ನನ್ನನ್ನು ಎಚ್ಚರಿಸಿದ್ದು ಒಂದು ಸಂಗತಿ. ಬಿಡುಗಡೆಯಾದ ವಾಲ್ಟರ್ ಎಲಿಯಟ್‌ಗೆ ಸೆರೆಸಿಕ್ಕಾಗ 21 ವರ್ಷ. ಮುಂದೆ ಇದೇ ಸೀಮೆಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿಮಾಡಿಸಿ ಕಾಪಾಡಿದವನು ಅವನೇ. 1837ರಲ್ಲಿ ಅಚ್ಚಾದ ಅವನ ಪ್ರಬಂಧ ಮರೆತುಹೋಗಿದ್ದ ಚಾಲುಕ್ಯರ ಚರಿತ್ರೆಗೆ ಬಾಗಿಲು ತೆರೆಯಿತು. ಚದುರಂಗದ ಬಗೆಗೆ ಬರೆದ ಸೋಮೇಶ್ವರನ ವಂಶಕ್ಕೇ! ರಾಣಿ ಉಳಿಸಿದ ಆ ಕಾಯಿ ಆಕೆಯ ಆಟಕ್ಕೆ ಒದಗಲಿಲ್ಲ. ನಾಡಿನ ನೆನಪಿಗೆ ಒದಗಿತು.

ಹಾಸಿನ ಮೇಲೆ ಗೆಲ್ಲಲು ಎದುರಾಳಿಯ ಮನಸ್ಸನ್ನು ಅರಿಯಬೇಕು, ಪೂರೈಸಲಾಗದ ಬೆದರಿಕೆಯನ್ನು ನೆಚ್ಚಬಾರದು, ಕಾಲ ಯಾರ ಕಡೆಗಿದೆಯೆಂದು ನೋಡಬೇಕು. ಇದಿಷ್ಟೂ ನಿಜ. ಆದರೆ ಹಾಸಿನ ಮೇಲೆ ಇಬ್ಬರಿಗೂ ಒಂದೇ ನಿಯಮ, ಕಿತ್ತೂರಿನಲ್ಲಿ ಹಾಗಿರಲಿಲ್ಲ. ಬೈಲಹೊಂಗಲದ ಆ ಸಮಾಧಿಯ ಮುಂದೆ ನಿಂತಾಗ ಸೋಲುಗೆಲವಿನ ಲೆಕ್ಕ ನನ್ನ ನಾಲಗೆಗೆ ಬರುವುದಿಲ್ಲ. ಆಕೆಯ ಬದಿಯಲ್ಲಿ ಒಮ್ಮೆ ಕುಳಿತು ನೋಡಿದವರಿಗೆ ಅದು ಬಾರದು.