ಆರು ರನ್ನಿನ ಅಭಿಮಾನ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಫೋನ್ ಮಾಡಿದಾಗ, ಯಾವುದರ ಬಗ್ಗೆ ಬರೆಯಲಿ ಎಂದು ಕೇಳಿದೆ. "ನಿನಗ ಚೊಲೋ ಗೊತ್ತಿದ್ದದ್ದು ಬರಿಯಪಾ" ಎಂದರು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ಅದಕ್ಕಿಂತ ಚೆನ್ನಾಗಿ ಬಲ್ಲ ವಿದ್ಯೆ ಇನ್ನೊಂದಿದೆ: ತಂಡ ಗೆದ್ದರೆ ಕುಣಿಯುವುದು, ಸೋತರೆ ಟಿ.ವಿ. ಆರಿಸಿ ಮಲಗುವುದು. ಈ ವಿದ್ಯೆಗೂ ಒಂದು ಇತಿಹಾಸವಿದೆ.

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದೇ ಋತುವಿನಲ್ಲಿ ಇ.ಎ.ಎಸ್. ಪ್ರಸನ್ನ ಅವರ ನಾಯಕತ್ವದ ತಂಡವು, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲಿನಲ್ಲಿ ಹಿಂದಿಕ್ಕಿ, ಫೈನಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ತಂದಿತು. 1998-99ರ ಹೊತ್ತಿಗೆ ಕರ್ನಾಟಕ ಆರು ಸಲ ಗೆದ್ದಿತ್ತು. ಆಮೇಲೆ 15 ವರ್ಷ ಬರಗಾಲ. ನಾನು ಹೈಸ್ಕೂಲು ಕಲಿತದ್ದು ಆ ಬರದಲ್ಲೇ. ಪತ್ರಿಕೆಯ ಮೂಲೆಯಲ್ಲಿ ಬರುತ್ತಿದ್ದ ರಣಜಿ ಸುದ್ದಿಯನ್ನು ನಾನು ಓದುತ್ತಲೇ ಇರಲಿಲ್ಲ.

2007ರ ಮಾರ್ಚಿನಲ್ಲಿ ನಮ್ಮವರೇ ಆದ ರಾಹುಲ್ ದ್ರಾವಿಡ್ ನಾಯಕರಾಗಿದ್ದ ಭಾರತ ತಂಡ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶಕ್ಕೆ ಸೋತಿತು. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ದಾಳಿ ಮಾಡಿದರು. ಆರೇ ತಿಂಗಳಿಗೆ ಟಿ20 ವಿಶ್ವಕಪ್ ಗೆದ್ದು ಬಂದ ಅದೇ ಧೋನಿಗೆ ಮುಂಬಯಿಯಲ್ಲಿ ಮೆರವಣಿಗೆ! ನಾನು ಕಲ್ಲು ಹೊಡೆದವನಲ್ಲ. ಆದರೆ ಬಾಯಿಂದ ಅಂದದ್ದು ಕಲ್ಲಿಗಿಂತ ಕಡಿಮೆಯಿರಲಿಲ್ಲ.

2009ರ ಐಪಿಎಲ್ ಫೈನಲಿನಲ್ಲಿ ಬೆಂಗಳೂರು ತಂಡ ಸೋತದ್ದು 6 ರನ್ನಿನಿಂದ. 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲಿನಲ್ಲಿ 338 ರನ್ ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆ 144 ಹೊಡೆದರೂ ಮುಂಬಯಿಗೆ ಸೋತದ್ದು ಅದೇ 6 ರನ್ನಿನಿಂದ. ವಿನಯ್ ಕುಮಾರ್ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ರಣಜಿ ಗೆದ್ದಾಗ ಮಾತ್ರ ನಾನು ಆಫೀಸಿನಲ್ಲಿ ಪೇಡೆ ಹಂಚಿದೆ. 2017ರಲ್ಲಿ ಆರ್‌ಸಿಬಿ 49ಕ್ಕೆ ಆಲೌಟ್ ಆದ ರಾತ್ರಿ ಕೆಂಪು ಜೆರ್ಸಿ ಕಪಾಟಿನ ತಳ ಸೇರಿತು. 2025ರ ಜೂನ್ 3ರಂದು ಅದನ್ನು ಮತ್ತೆ ಹೊರತೆಗೆದೆ. ಆ ರಾತ್ರಿ ಆರ್‌ಸಿಬಿ ಗೆದ್ದದ್ದೂ 6 ರನ್ನಿನಿಂದಲೇ! ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ಜೆರ್ಸಿ ತೊಳೆದು ಮಡಚುವಾಗ ಕೈ ಆಡಲಿಲ್ಲ.

ಆಗ ನೆನಪಾದದ್ದು ನಮ್ಮ ಶಾಲೆಯ ಖೋ-ಖೋ ತಂಡ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿತು. ನನ್ನ ಬೆಂಚಿನ ಗೆಳೆಯನೇ ನಾಯಕ, ನೇಕಾರರ ಮನೆಯ ಹುಡುಗ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರಲ್ಲಿ ನಾನೇ ಮುಂದು. ಜಿಲ್ಲಾ ಮಟ್ಟದಲ್ಲಿ ಮೊದಲ ಪಂದ್ಯದಲ್ಲೇ ಸೋತು ಬಂದ ಮರುದಿನ, ನಾಲ್ಕು ಜನ ನಗುತ್ತಾರೆಂದು ನಾನು ಬೇರೆ ಬೆಂಚಿಗೆ ಹೋಗಿ ಕೂತೆ. ಅವನು ಏನೂ ಅನ್ನಲಿಲ್ಲ. ಪಕ್ಕದ ಜಾಗ ಖಾಲಿ ಇಟ್ಟುಕೊಂಡೇ ಪಾಠ ಕೇಳಿದ.

ಎಸ್ಸೆಸ್ಸೆಲ್ಸಿ ಆದ ಮೇಲೆ ಅವನು ಮಗ್ಗಕ್ಕೆ ಕುಳಿತ, ನಾನು ಪೇಟೆ ಸೇರಿದೆ. ಕ್ರೀಡಾಕೂಟದ ದಿನಗಳಲ್ಲಿ ಅವನು ಇಂದಿಗೂ ಸಂಜೆ ಶಾಲೆಗೆ ಬಂದು ಮಕ್ಕಳಿಗೆ ಖೋ-ಖೋ ಹೇಳಿಕೊಡುತ್ತಾನಂತೆ, ಪಂದ್ಯಕ್ಕೂ ಜೊತೆಗೆ ಹೋಗುತ್ತಾನಂತೆ. ಫೋನಿನಲ್ಲಿ ಇಪ್ಪತ್ತು ವರ್ಷದ ಹಿಂದಿನ ಆ ಬೆಂಚಿನ ವಿಷಯ ತೆಗೆದು ತಪ್ಪಾಯಿತೆಂದೆ. "ಅದನ್ನ ಇನ್ನೂ ಇಟ್ಕೊಂಡಿಯೇನಲೇ?" ಎಂದು ನಕ್ಕ. ಮಕ್ಕಳ ಜೊತೆ ಯಾಕೆ ಹೋಗುತ್ತೀ ಎಂದು ಕೇಳಿದ್ದಕ್ಕೆ, "ಗೆದ್ರ ಊರೇ ಬರತೈತಿ. ಸೋತ್ರ ವಾಪಸ್ ಬರೂ ಮುಂದ ಬಸ್ಸಿನ್ಯಾಗ ಹುಡುಗರ ಬಾಜೂಕ ಯಾರರ ಕುಂದರಬೇಕಲ್ಲೋ" ಎಂದ.

ಶಾಲೆಯ ವಿಷಯದಲ್ಲೂ ನಾನು ಅಂಥ ಅಭಿಮಾನಿಯೇ. ಐವತ್ತರ ಹಬ್ಬಕ್ಕೆ ಚಪ್ಪರ ಹಾಕಿದಾಗ ಓಡಿ ಬಂದೆ. ನಡುವಿನ ವರ್ಷಗಳಲ್ಲಿ ಒಮ್ಮೆಯೂ ಗೇಟಿನ ಒಳಗೆ ಕಾಲಿಟ್ಟಿಲ್ಲ. ನನ್ನಂಥ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ವಿನಂತಿ: ಶಾಲೆಗೆ 51ನೇ ವರ್ಷವೂ ಇದೆ, ಆಗ ಚಪ್ಪರ ಇರುವುದಿಲ್ಲ. ಮುಂದಿನ ಕ್ರೀಡಾಕೂಟಕ್ಕೆ ನಾನು ರಜೆ ಹಾಕಿ ಬರುತ್ತೇನೆಂದು ಗೆಳೆಯನಿಗೆ ಹೇಳಿದ್ದೇನೆ. ಬಸ್ಸಿನಲ್ಲಿ ನನಗೊಂದು ಜಾಗ ಹಿಡಿಯುತ್ತೇನೆಂದು ಅವನು ಒಪ್ಪಿದ್ದಾನೆ.