ಗುರ್ಕಾರರ ವಾಡೊದಿಂದ ನಿಗಡಿಯ ಸೆಕ್ಟರಿಗೆ

ನಿಗಡಿಯಲ್ಲಿ ವಿಳಾಸ ಹೇಳುವುದೆಂದರೆ ನಂಬರು ಹೇಳುವುದು. ಸೆಕ್ಟರ್ ಇಷ್ಟು, ಪ್ಲಾಟ್ ಇಷ್ಟು. 1972ರಲ್ಲಿ ಹುಟ್ಟಿದ ಪಿಂಪ್ರಿ-ಚಿಂಚವಾಡ ನವನಗರ ಪ್ರಾಧಿಕರಣ ಗೆರೆ ಎಳೆದು ಮಾಡಿದ ಊರಿದು. ಅದಕ್ಕೂ ಮೊದಲೇ, 1954ರಲ್ಲಿ ಪಿಂಪ್ರಿಗೆ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಬಂದಿತ್ತು. ಆಮೇಲೆ ಬಜಾಜ್, ಟೆಲ್ಕೊ ಬಂದವು. ಕೆಲಸದ ಬೆನ್ನು ಹಿಡಿದು ಮಂಗಳೂರು, ಗೋವೆ, ಕೇರಳ, ತಮಿಳುನಾಡಿನ ಕ್ರೈಸ್ತರೂ ಬಂದರು. ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು, ಹೊರಗೆ ಬಂದರೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ.

ಒಮ್ಮೆ ನಮ್ಮ ಮನೆಯಿಂದ ಎರಡೇ ಕಟ್ಟಡ ಆಚೆ ಒಬ್ಬರು ತೀರಿಕೊಂಡರು. ನನಗೆ ತಿಳಿದದ್ದು ಭಾನುವಾರ, ಪೂಜೆಯಲ್ಲಿ ಅವರ ಆತ್ಮಕ್ಕಾಗಿ ಪ್ರಾರ್ಥಿಸಿದಾಗ. ಮಣ್ಣು ಮಾಡಿ ನಾಲ್ಕು ದಿನ ಆಗಿತ್ತು. ಊರಲ್ಲಾಗಿದ್ದರೆ ಇಗರ್ಜಿಯ ಗಂಟೆ ಬಡಿಯುತ್ತಿತ್ತು, ಗುರ್ಕಾರರು ಮನೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು.

ಕರಾವಳಿಯವರಲ್ಲದವರಿಗೆ ಎರಡು ಮಾತು. ಮಂಗಳೂರು ಕಡೆ ಒಂದು ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿರುತ್ತಾರೆ. ವಾಡೊಗೊಬ್ಬ ಗುರ್ಕಾರ. ಪದ ನಮ್ಮದೇ, ತುಳುನಾಡಿನ ಗುರಿಕಾರ. ಮೊಗವೀರರಲ್ಲೂ ಗುರಿಕಾರರಿದ್ದಾರಲ್ಲ! ಜಗಳ ಬಿಡಿಸುವುದು, ಮದುವೆಯ ಮಾತಿಗೆ ಸಾಕ್ಷಿ ನಿಲ್ಲುವುದು, ಕಾಯಿಲೆಯವರ ಮನೆಗೆ ಪಾದ್ರಿಯನ್ನು ಕರೆತರುವುದು, ಇಗರ್ಜಿಯ ವಂತಿಗೆ ಎತ್ತುವುದು ಎಲ್ಲಕ್ಕೂ ಅವರೇ. ನಾನು ಕಂಡ ಗುರ್ಕಾರರು ಒಳ್ಳೆಯವರೇ. ಆದರೆ ಅವರ ಎದುರು ನಮ್ಮಮ್ಮ ಬಾಯಿ ಬಿಟ್ಟದ್ದನ್ನು ನಾನು ನೋಡಿಲ್ಲ.

ಹಾಗಾಗಿ ನಮ್ಮ ಪಾದ್ರಿಗಳು ಸುತ್ತಮುತ್ತಲ ಇಪ್ಪತ್ತು-ಇಪ್ಪತ್ತೈದು ಮನೆಗೊಂದು ಕಿರು ಕ್ರೈಸ್ತ ಸಮುದಾಯ ಮಾಡೋಣ ಎಂದಾಗ, ಇದು ನಮ್ಮ ಹಳೇ ವಾಡೊ ಅಲ್ಲವೇ ಅಂದುಕೊಂಡೆ. ಆಮೇಲೆ ಓದಿ ನೋಡಿದರೆ ಇದರ ದಾರಿ ಬೇರೆ. ಪೂರ್ವ ಆಫ್ರಿಕಾದ ಬಿಷಪ್ಪರು 1976ರಲ್ಲಿ ನೈರೋಬಿಯಲ್ಲಿ ಸೇರಿ, ಇಂಥ ಸಣ್ಣ ಸಮುದಾಯಗಳನ್ನು ಕಟ್ಟುವುದೇ ಮುಖ್ಯ ಕೆಲಸ ಎಂದು ನಿಶ್ಚಯಿಸಿದ್ದರು. ಸ್ವಾಹಿಲಿಯಲ್ಲಿ ಇದಕ್ಕೆ 'ಜುಮುಯಿಯ ಎನ್‌ಡೊಗೊ ಎನ್‌ಡೊಗೊ' ಎಂಬ ಚಂದದ ಹೆಸರು. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ಫ್ರಿಟ್ಸ್ ಲೋಬಿಂಗರ್, ಓಸ್ವಾಲ್ಡ್ ಹಿರ್ಮರ್ ಎಂಬ ಜರ್ಮನ್ ಪಾದ್ರಿಗಳು ಏಳು ಹೆಜ್ಜೆಗಳ ಬೈಬಲ್ ಓದಿನ ಕ್ರಮವನ್ನು ಬೆಳೆಸಿದರು. 1990ರಲ್ಲಿ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಏಷ್ಯಾದ ಬಿಷಪ್ಪರು ಧರ್ಮಸಭೆ 'ಸಮುದಾಯಗಳ ಸಮುದಾಯ' ಆಗಬೇಕೆಂದರು.

ಏಳು ಹೆಜ್ಜೆ ಎಂದರೆ ದೊಡ್ಡ ಶಾಸ್ತ್ರವೇನಲ್ಲ. ದೇವರನ್ನು ಕರೆಯುವುದು, ಸುವಾರ್ತೆಯ ಒಂದು ತುಣುಕು ಓದುವುದು, ಮನಸ್ಸಿಗೆ ತಾಗಿದ ಪದವನ್ನು ಗಟ್ಟಿಯಾಗಿ ಹೇಳುವುದು. ಸ್ವಲ್ಪ ಹೊತ್ತು ಮೌನ. ಆಮೇಲೆ ತಾಗಿದ್ದೇಕೆ ಎಂದು ಹೇಳಿಕೊಳ್ಳುವುದು, ನೆರೆಯಲ್ಲಿ ಮಾಡಬೇಕಾದ ಕೆಲಸ ಮಾತಾಡಿಕೊಳ್ಳುವುದು, ಕೊನೆಗೆ ಪ್ರಾರ್ಥನೆ. ಇಲ್ಲಿ ಉಪದೇಶ ಮಾಡುವಂತಿಲ್ಲ. ನಮ್ಮ ಗಂಡಸರಿಗೆ ಕಷ್ಟವಾದದ್ದು ಇದೇ ಅನ್ನಿ!

ಮೊದಲ ಸಭೆಗೆ ಒಂಬತ್ತು ಜನ, ಎಂಟು ಹೆಂಗಸರು ಮತ್ತು ನಾನು. ಗಂಡಸರಿಗೆ ಸೆಕೆಂಡ್ ಶಿಫ್ಟ್, ಇಲ್ಲವೇ ಕ್ರಿಕೆಟ್. ಯಾವ ಭಾಷೆಯಲ್ಲಿ ಓದುವುದೆಂಬುದೇ ಅರ್ಧ ಗಂಟೆಯ ಚರ್ಚೆ. ಇಂಗ್ಲಿಷ್ ಆದರೆ ಇಬ್ಬರು ಅಜ್ಜಿಯರು ಸುಮ್ಮನಾಗುತ್ತಾರೆ, ಮರಾಠಿ ಆದರೆ ಹೊಸದಾಗಿ ಬಂದ ತಮಿಳರು. ಕೊನೆಗೆ ಯಾರ ಮನೆಯೋ ಅವರ ಭಾಷೆಯಲ್ಲಿ ಓದು, ಮಾತು ಬಂದ ಭಾಷೆಯಲ್ಲಿ ಎಂದಾಯಿತು. ಇನ್ನೊಂದು ತೊಂದರೆ ತಿಂಡಿಯದು. ಒಬ್ಬರು ಸಮೋಸ ಕೊಟ್ಟರೆ ಮುಂದಿನವರು ಕೇಕ್. ಒಂದೇ ಕೋಣೆಯ ಬಾಡಿಗೆ ಮನೆಯವರು ಮೆಲ್ಲಗೆ ಬರುವುದನ್ನೇ ಬಿಟ್ಟರು. ಇದು ನಮಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ಆಮೇಲೆ ಎಲ್ಲರ ಮನೆಯಲ್ಲೂ ಬರೀ ಚಹಾ ಎಂದು ನಿಯಮ ಮಾಡಿ, ಮುಂದಿನ ಸಭೆಯನ್ನು ಆ ಒಂದು ಕೋಣೆಯ ಮನೆಯಲ್ಲೇ ಇಟ್ಟುಕೊಂಡೆವು. ಹದಿನಾಲ್ಕು ಜನ ಬಂದರು, ಕೆಲವರು ಹೊಸ್ತಿಲಾಚೆ ಚಪ್ಪಲಿಗಳ ನಡುವೆ ಕೂತರು.

ಆ ಮನೆಯ ಯಜಮಾನರು ಕಾಂಟ್ರಾಕ್ಟ್ ಕೆಲಸಗಾರರು. ಮುಂದಿನ ಮಳೆಗಾಲದಲ್ಲಿ ಅವರು ಆಸ್ಪತ್ರೆ ಸೇರಿದಾಗ ರಾತ್ರಿ ಕಾಯಲು ಪಾಳಿ ಹಾಕಿದೆವು. ಪಾಳಿಯ ಚೀಟಿ ಬರೆದದ್ದು ಸಭೆಯಲ್ಲಿ ಒಂದು ಪದದಾಚೆ ಮಾತಾಡದ ಹೆಂಗಸು. ಕ್ರಿಕೆಟ್ ನೋಡುವ ಇಬ್ಬರು ಗಂಡಸರ ಹೆಸರನ್ನು ಕೇಳದೆಯೇ ಬರೆದಿದ್ದರು. ಇಬ್ಬರೂ ಬಂದರು, ಒಬ್ಬರು ಸಭೆಗೂ ಬರತೊಡಗಿದರು.

ಈ ತಿಂಗಳು ನಮ್ಮ ಮನೆ ಸರದಿ. ಓದು ಕೊಂಕಣಿಯಲ್ಲಿ, ಕನ್ನಡ ಲಿಪಿಯ ಪುಸ್ತಕದಿಂದ. ಲಿಪಿ ಬರುವುದು ನನಗೊಬ್ಬನಿಗೇ, ಹಾಗಾಗಿ ಓದಬೇಕಾದವನೂ ನಾನೇ.