ಹಳೆಯ ಟಾಟಾ ಏಸ್ ಕೊಳ್ಳುವ ಮುನ್ನ: ಬೆಲೆಯಷ್ಟೇ ಅಲ್ಲ, ದುರಸ್ತಿಯ ಲೆಕ್ಕವೂ ಇರಲಿ

ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯವರೆಗೆ ತರಕಾರಿ, ನೀರಿನ ಕ್ಯಾನು, ಸಿಮೆಂಟು, ಮನೆ ಸಾಮಾನು ಸಾಗಿಸುವ ಪುಟ್ಟ ವಾಹನವೆಂದರೆ ಮೊದಲು ನೆನಪಾಗುವುದು ಟಾಟಾ ಏಸ್. 2005ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಈ ವಾಹನ ಸಾವಿರಾರು ಚಾಲಕರನ್ನು ಮಾಲೀಕರನ್ನಾಗಿಸಿತು. ಹತ್ತು ಹದಿನೈದು ವರ್ಷ ದುಡಿದ ಡೀಸೆಲ್ ಏಸ್‌ಗಳು ಈಗ ಎರಡನೆಯ, ಮೂರನೆಯ ಕೈಗೆ ದಾಟುತ್ತಿವೆ.

ಹಳೆಯ ವಾಹನ ಕೊಳ್ಳುವವರು ಬಹುಪಾಲು ಅದನ್ನೇ ನಂಬಿ ಜೀವನ ನಡೆಸಬೇಕಾದವರು. ವಾಹನ ಗ್ಯಾರೇಜಿನಲ್ಲಿ ನಿಂತ ದಿನ ಬಾಡಿಗೆಯಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಮಾರುವವರು ಹೇಳುವ ಬೆಲೆಗಿಂತ, ಕೊಂಡ ಮೊದಲ ಆರು ತಿಂಗಳಲ್ಲಿ ಮಾಡಬೇಕಾದ ಖರ್ಚು ಎಷ್ಟೆಂಬುದೇ ಮುಖ್ಯ ಪ್ರಶ್ನೆ.

ಇಂಜಿನ್: ಬಿಸಿಯೇ ಮೊದಲ ಶತ್ರು

ಹಳೆಯ ಏಸ್‌ನಲ್ಲಿರುವುದು 702 ಸಿಸಿ ಸಾಮರ್ಥ್ಯದ, ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಅದರ ಶಕ್ತಿ ಸುಮಾರು 16 ಅಶ್ವಶಕ್ತಿ ಮಾತ್ರ. ಚಾಲಕನ ಆಸನದ ಕೆಳಗಿರುವ ಈ ಪುಟ್ಟ ಇಂಜಿನ್ ನಿಗದಿತ ಮುಕ್ಕಾಲು ಟನ್ ಭಾರಕ್ಕೆ ಸಾಕು. ಆದರೆ ಅದರ ಇಮ್ಮಡಿ ಹೇರಿ ಏರುದಾರಿಯಲ್ಲಿ ಓಡಿಸಿದ ವಾಹನಗಳೇ ಹೆಚ್ಚು. ಜೊತೆಗೆ ರೇಡಿಯೇಟರಿಗೆ ಕೂಲಂಟ್ ಬದಲು ಬರೀ ನೀರು ತುಂಬಿಸಿದ್ದರೆ ಒಳಗೆ ತುಕ್ಕು ಕಟ್ಟಿ ಇಂಜಿನ್ ಕಾಯುತ್ತದೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಇದನ್ನು ಪತ್ತೆಹಚ್ಚಲು ವಾಹನವನ್ನು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಕ್ಕೆ ಕಾರಣವುಂಟು. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ ಎಂದರ್ಥ. ಇಂಜಿನ್ ಓಡುತ್ತಿರುವಾಗ ಆಯಿಲ್ ಗೇಜಿನ ಕಡ್ಡಿ ಎಳೆದರೆ ಆ ಕೊಳವೆಯಿಂದ ಹೊಗೆ ದಟ್ಟವಾಗಿ ನುಗ್ಗಿ ಬಂದರೆ ಅದನ್ನು ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಪಿಸ್ಟನ್, ರಿಂಗು ಸವೆದಿದ್ದು, ಪೂರ್ತಿ ಇಂಜಿನ್ ಕೆಲಸ ದೂರವಿಲ್ಲ ಎಂಬುದರ ಸೂಚನೆ ಅದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಸತತ ಕಪ್ಪು ಹೊಗೆ ಬಂದರೆ ಡೀಸೆಲ್ ಪಂಪ್, ಇಂಜೆಕ್ಟರ್ ಅಥವಾ ಏರ್ ಫಿಲ್ಟರ್ ನೋಡಿಸಬೇಕು.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ಕೇಳುವುದನ್ನು ಮರೆಯಬಾರದು. ಅದರ ಬೆಲೆ ಅಲ್ಪ. ಆದರೆ ಓಡುವಾಗ ತುಂಡಾದರೆ ಪಿಸ್ಟನ್ ಬಡಿದು ವಾಲ್ವುಗಳು ಬಾಗುತ್ತವೆ, ಹೆಡ್ ಬಿಚ್ಚಬೇಕಾಗುತ್ತದೆ. ಬಿಲ್ಲು ಇಲ್ಲದಿದ್ದರೆ ಬದಲಾಗಿಲ್ಲವೆಂದೇ ಭಾವಿಸಿ ಕೊಂಡ ವಾರದಲ್ಲೇ ಹೊಸದು ಹಾಕಿಸುವುದು ಕ್ಷೇಮ.

ಚಾಸಿ ಮತ್ತು ಕೆಳಭಾಗ

ಇಂಜಿನ್ ಕೆಟ್ಟರೆ ಸರಿಪಡಿಸಬಹುದು. ಬಾಗಿದ ಚಾಸಿಯನ್ನು ಮೊದಲಿನ ಸ್ಥಿತಿಗೆ ತರುವುದು ಕಷ್ಟ. ಕ್ಯಾಬಿನ್ನಿನ ಹಿಂಭಾಗ ಮತ್ತು ಕಮಾನು ಪಟ್ಟಿ ಕೂರುವ ಜಾಗಗಳಲ್ಲಿ ಬಿರುಕು, ಹೊಸ ವೆಲ್ಡಿಂಗ್, ದಪ್ಪನೆಯ ಹೊಸ ಬಣ್ಣ ಇದೆಯೇ ಎಂದು ಟಾರ್ಚು ಹಿಡಿದು ನೋಡಬೇಕು. ಕರಾವಳಿಯಲ್ಲಿ ಓಡಿದ, ಮೀನು ಸಾಗಿಸಿದ ವಾಹನವಾದರೆ ಉಪ್ಪುನೀರಿನ ತುಕ್ಕು ಒಳಗೊಳಗೇ ತಿಂದಿರುತ್ತದೆ.

ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ ಅಲುಗಾಡಿಸಿದಾಗ ಸಡಿಲವೆನಿಸಿದರೆ ಕಿಂಗ್ ಪಿನ್ ಅಥವಾ ಬೇರಿಂಗ್ ಸವೆದಿದೆ. ಗೇರ್ ಹಾಕಿ ಕ್ಲಚ್ ಬಿಡುವಾಗ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿರಬಹುದು. ವೇಗ ಏರಿದಂತೆ ಹಿಂದಿನಿಂದ ಗೊಂಯ್‌ಗುಡುವ ಸದ್ದು ಬಂದರೆ ಕ್ರೌನ್ ಪಿನಿಯನ್ ಕಡೆ ಗಮನ ಬೇಕು. ಪರೀಕ್ಷಾರ್ಥ ಓಡಿಸುವಾಗ ಖಾಲಿ ಗಾಡಿಯಲ್ಲಿ ಈ ದೋಷಗಳು ಅಡಗಿರುತ್ತವೆ. ಸ್ವಲ್ಪ ಭಾರ ಹೇರಿ, ಒಂದು ಏರು ಹತ್ತಿಸಿ ನೋಡುವುದೇ ಸರಿ.

ಯಾವ ಕೆಲಸಕ್ಕೆ ಎಷ್ಟು?

ಹೊರಗಿನ ಗ್ಯಾರೇಜುಗಳಲ್ಲಿ ಬಿಡಿಭಾಗ ಮತ್ತು ಕೂಲಿ ಸೇರಿ ತಗಲಬಹುದಾದ ಸ್ಥೂಲ ಅಂದಾಜು ಇಲ್ಲಿದೆ. ಊರು, ಮಾದರಿ, ಬಿಡಿಭಾಗದ ಕಂಪನಿಗೆ ಅನುಗುಣವಾಗಿ ಇದು ಬದಲಾಗುತ್ತದೆ.

* ಟೈಮಿಂಗ್ ಬೆಲ್ಟ್: 1,500ರಿಂದ 3,000 ರೂ.
* ಕ್ಲಚ್ ಸೆಟ್: 3,500ರಿಂದ 6,500 ರೂ.
* ಕಿಂಗ್ ಪಿನ್ ಕೆಲಸ: 3,000ದಿಂದ 5,000 ರೂ.
* ಬ್ಯಾಟರಿ: 4,000ದಿಂದ 5,500 ರೂ.
* ಪಂಪ್, ಇಂಜೆಕ್ಟರ್ ದುರಸ್ತಿ: 5,000ದಿಂದ 12,000 ರೂ.
* ಹೆಡ್ ಗ್ಯಾಸ್ಕೆಟ್, ಹೆಡ್ ಕೆಲಸ: 6,000ದಿಂದ 12,000 ರೂ.
* ಕ್ರೌನ್ ಪಿನಿಯನ್: 8,000ದಿಂದ 15,000 ರೂ.
* ನಾಲ್ಕು ಹೊಸ ಟೈರು: 12,000ದಿಂದ 16,000 ರೂ.
* ಟಿಂಕರಿಂಗ್, ಪೇಂಟಿಂಗ್: 10,000ದಿಂದ 30,000 ರೂ.
* ಪೂರ್ತಿ ಇಂಜಿನ್ ಕೆಲಸ: 35,000ದಿಂದ 60,000 ರೂ.

ಹೆಡ್ ಕೆಲಸಕ್ಕೆ ಮೂರು ನಾಲ್ಕು ದಿನ, ಪೂರ್ತಿ ಇಂಜಿನ್ ಕೆಲಸಕ್ಕೆ ವಾರ ಹತ್ತು ದಿನ ವಾಹನ ನಿಲ್ಲುತ್ತದೆ. ಆ ದಿನಗಳ ಬಾಡಿಗೆಯ ನಷ್ಟವನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು.

ಕಾಗದಪತ್ರಗಳ ಖರ್ಚು

ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ವಾಹನದ ವಯಸ್ಸು ಏರಿದಂತೆ ಅದರ ಶುಲ್ಕವೂ ಏರುತ್ತದೆ. ಎಫ್‌ಸಿ ಮುಗಿಯಲು ಒಂದೆರಡು ತಿಂಗಳಿರುವ ವಾಹನ ಅಗ್ಗವಾಗಿ ಕಂಡರೆ, ಅದರ ಟಿಂಕರಿಂಗ್, ಪೇಂಟಿಂಗ್, ಬ್ರೇಕ್ ಕೆಲಸವೆಲ್ಲ ಕೊಳ್ಳುವವರ ಹೆಗಲಿಗೆ ಬೀಳಲಿದೆ ಎಂದೇ ತಿಳಿಯಬೇಕು.

ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಪಡೆಯದೆ ಹಣ ಕೊಡಬಾರದು. ಫಾರಂ 29 ಮತ್ತು 30ರ ಮೂಲಕ ಮಾಲೀಕತ್ವ ವರ್ಗಾವಣೆಯಾಗುತ್ತದೆ. ಕೊಂಡವರು 30 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಬಾಕಿ ತೆರಿಗೆ, ವಿಮೆ, ಸಂಚಾರ ದಂಡಗಳನ್ನು ಪರಿವಾಹನ್ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಬಹುದು.

ಅಗ್ಗದ್ದು ಅಗ್ಗವೇ?

ಒಂದು ಉದಾಹರಣೆ ನೋಡಿ. ಒಂದು ಏಸ್‌ಗೆ 1.50 ಲಕ್ಷ ರೂ. ಹೇಳುತ್ತಾರೆ. ಕ್ಲಚ್‌ಗೆ 5,000, ಹೆಡ್ ಕೆಲಸಕ್ಕೆ 10,000, ಟೈರಿಗೆ 14,000, ಎಫ್‌ಸಿ ತಯಾರಿಗೆ 15,000 ಸೇರಿದರೆ ಒಟ್ಟು 1.94 ಲಕ್ಷ ರೂ. ಆಯಿತು. ಇದೇ ವಯಸ್ಸಿನ, ಟೈರು, ಎಫ್‌ಸಿ, ಇಂಜಿನ್ ಚೆನ್ನಾಗಿರುವ ಇನ್ನೊಂದು ವಾಹನಕ್ಕೆ 1.75 ಲಕ್ಷ ರೂ. ಹೇಳಿದರೆ ಅದು 25 ಸಾವಿರ ದುಬಾರಿಯಲ್ಲ, 19 ಸಾವಿರ ಅಗ್ಗ. ಮರುದಿನವೇ ಬಾಡಿಗೆಗೆ ಹೊರಡಬಹುದು ಎಂಬುದು ಮೇಲಿನ ಲಾಭ.

ಹೀಗಾಗಿ ಚೌಕಾಸಿಗೆ ಕೂರುವ ಮುನ್ನ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು, ಕೆಲಸಗಳ ಪಟ್ಟಿಯನ್ನು ಬೆಲೆಸಹಿತ ಬರೆದುಕೊಳ್ಳುವುದು ಒಳಿತು. ಅವರಿಗೆ ಕೊಡುವ ಕೆಲವು ನೂರು ರೂಪಾಯಿ ಮುಂದಿನ ಕೆಲವು ಸಾವಿರಗಳನ್ನು ಉಳಿಸೀತು. ಪಟ್ಟಿಯಲ್ಲಿ ಪೂರ್ತಿ ಇಂಜಿನ್ ಕೆಲಸವಿದ್ದರೆ ಆ ಮೊತ್ತವನ್ನು ಬೆಲೆಯಲ್ಲಿ ಇಳಿಸಲು ಕೇಳಬೇಕು. ಚಾಸಿ ಬಾಗಿದ್ದರೆ, ಬೆಲೆ ಎಷ್ಟೇ ಇಳಿದರೂ, ಆ ವಾಹನವನ್ನು ಬಿಟ್ಟು ಬರುವುದೇ ಜಾಣತನ.